ಅನುಭವಸ್ಥರಿಗೆ ಉಚ್ಚ ವ್ಯಾಸಂಗ ಬೇಕೇ?

ಸ್ಮರಣ ಸಂಚಿಕೆಗೆ ಲೇಖನ ಬರೆಯುವವರು ಹಿಂದಿನ ದಿನಗಳನ್ನು ನೆನೆಯುವುದು ವಾಡಿಕೆ. ಶಾಲೆಯ ಅಂಗಳದ ಮರ, ಬೆಳಗಿನ ಗಂಟೆ, ಹೊಲಿಗೆಯ ತರಗತಿ, ಬಹುಮಾನ ಹಂಚುವ ದಿನದ ಸಡಗರ, ಇವುಗಳ ವಿಷಯವಾಗಿ ಈ ಸಂಚಿಕೆಯ ಬೇರೆ ಪುಟಗಳಲ್ಲಿ ವಾಚಕರು ಯಥೇಷ್ಟವಾಗಿ ಓದುವರು. ನಾವಾದರೋ ಪ್ರಕೃತ ಬೇರೊಂದು ವಿಷಯವನ್ನು ಹಳೆ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದಿಡಲು ಅಪೇಕ್ಷಿಸುತ್ತೇವೆ. ನಮ್ಮ ಶಾಲೆಯಿಂದ ಹೊರಟುಹೋದವರಲ್ಲಿ ಉಪಾಧ್ಯಾಯಿನಿಯರೂ ದಾದಿಯರೂ ಎಷ್ಟೋ ಮಂದಿ ಇರುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಇವರಲ್ಲದೆ ಮತ್ತೊಂದು ಚಿಕ್ಕ ಗುಂಪೂ ಉಂಟು. ಹೆಣ್ಣುಮಕ್ಕಳ ವಸತಿಗೃಹಗಳ ಮೇಟ್ರನ್ನರು, ಬಾಲಮಂದಿರಗಳಲ್ಲಿ ಕೆಲಸ ಮಾಡುವವರು, ಯುವತಿಯರ ಸಂಘಗಳ ಕಾರ್ಯದರ್ಶಿಗಳು, ಸಂಸ್ಥೆಗಳಲ್ಲಿ ಆಪ್ತಸಲಹೆ ನೀಡುವವರು, ಹಳ್ಳಿಗಳಲ್ಲಿ ಕಿಶೋರಿಯರ ಗುಂಪುಗಳನ್ನು ನಡೆಸುವವರು ಈ ಗುಂಪಿಗೆ ಸೇರಿದವರು. ಒಟ್ಟಿನಲ್ಲಿ ಹನ್ನೆರಡರಿಂದ ಇಪ್ಪತ್ತು ವಯಸ್ಸಿನವರ ಮಧ್ಯದಲ್ಲಿ ತಮ್ಮ ಆಯುಷ್ಯವನ್ನು ಕಳೆಯುವವರು. ಇವರನ್ನು ಯುವಜನ ಕಾರ್ಯಕರ್ತೆಯರೆಂದು ಕರೆಯೋಣ. ಬಹುಮಾನದ ದಿನದಲ್ಲಿ ಇವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ.

ಇವರಲ್ಲಿ ಹದಿನೈದು, ಇಪ್ಪತ್ತು ವರ್ಷ ಸೇವೆ ಮಾಡಿದವರು ಪುನಃ ವಿದ್ಯಾರ್ಥಿನಿಯರಾಗಿ ಬೆಂಚಿನ ಮೇಲೆ ಕುಳಿತು ಓದಬೇಕೇ ಎಂಬುದು ನಮ್ಮ ಪ್ರಶ್ನೆ. ಇದಕ್ಕೆ ಲೋಕದಲ್ಲಿ ಎರಡು ಉತ್ತರಗಳು ಸಿದ್ಧವಾಗಿವೆ. ಇಪ್ಪತ್ತು ವರ್ಷ ಮಕ್ಕಳನ್ನು ನೋಡಿಕೊಂಡವಳಿಗೆ ಪುಸ್ತಕವು ಏನನ್ನು ಕಲಿಸೀತು ಎನ್ನುವವರು ಒಂದು ಕಡೆ. ಪದವಿ ಇಲ್ಲದವಳು ಎಷ್ಟು ವರ್ಷ ದುಡಿದರೇನು, ನಿಯಮದ ಪ್ರಕಾರ ಅರ್ಹಳಲ್ಲ ಎನ್ನುವವರು ಇನ್ನೊಂದು ಕಡೆ. ಮೊದಲನೆಯವರು ಆಕೆಯನ್ನು ಹೊಗಳಿ ಇದ್ದಲ್ಲೇ ಬಿಡುತ್ತಾರೆ. ಎರಡನೆಯವರು ಆಕೆಯನ್ನು ಬದಿಗೆ ಸರಿಸಿ ಇಪ್ಪತ್ತೆರಡು ವಯಸ್ಸಿನ ಪದವೀಧರೆಯನ್ನು ತಂದು ಕೂರಿಸುತ್ತಾರೆ. ಈ ಎರಡು ಅಭಿಪ್ರಾಯಗಳನ್ನೂ ನಾವು ಒಪ್ಪಲಾರೆವು. ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಒಟ್ಟಿಗೆ ಹೇಳಿದ್ದಾರಷ್ಟೆ. ಸುತ್ತಿ ಬಂದವಳಿಗೆ ಓದುವ ಅವಕಾಶವನ್ನು ಕೊಡದೆ ಇರುವುದು ಆ ಮಾತನ್ನು ಅರ್ಧಕ್ಕೆ ನಿಲ್ಲಿಸಿದಂತೆ.

ಮೊದಲು ಈ ಸೇವೆಯು ಹೇಗಿತ್ತೆಂಬುದನ್ನು ನೋಡೋಣ. ವಸತಿಗೃಹದ ಮೇಟ್ರನ್ನಳ ದಿನವು ಬೆಳಗಿನ ಐದು ಗಂಟೆಗೆ ಆರಂಭವಾಗಿ ರಾತ್ರಿ ಬೀಗದ ಕೈಗಳನ್ನು ದಿಂಬಿನ ಕೆಳಗಿಡುವಲ್ಲಿಗೆ ಮುಗಿಯುತ್ತಿತ್ತು. ಅಕ್ಕಿ ಅಳೆದು ಕೊಡುವುದು, ಜ್ವರ ಬಂದವಳಿಗೆ ಗಂಜಿ ಕಾಯಿಸುವುದು, ಮನೆಯಿಂದ ಬಂದ ಕಾಗದವನ್ನು ಓದಿ ಕೊಡುವುದು, ತಲೆ ಬಾಚಿಕೊಳ್ಳದವಳನ್ನು ಗದರಿಸುವುದು, ಇವೆಲ್ಲವೂ ಅವಳ ಕೆಲಸಗಳೇ. ಯಾವ ಹುಡುಗಿ ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ, ಯಾರ ತಂದೆ ಕುಡಿದು ಬಂದು ಗೇಟಿನ ಮುಂದೆ ಕೂಗುತ್ತಾನೆ, ರಜೆ ಬಂತೆಂದರೆ ಯಾವಳ ಮುಖ ಬಾಡುತ್ತದೆ ಎಂಬುದನ್ನೆಲ್ಲ ಅವಳು ಪುಸ್ತಕದಿಂದ ಕಲಿತವಳಲ್ಲ. ಹುಡುಗಿಯರು ಅವಳನ್ನು ಅಮ್ಮಾ ಎಂದು ಕರೆದರು. ಅವಳು ಅಮ್ಮನಂತೆ ನಡೆದುಕೊಂಡಳು. ಈ ಜ್ಞಾನವನ್ನು ನಾವು ಎಳ್ಳಷ್ಟೂ ಕಡಿಮೆಯಾಗಿ ಕಾಣುವುದಿಲ್ಲ. ಯಾವ ವಿಶ್ವವಿದ್ಯಾಲಯವೂ ಅದನ್ನು ಎರಡು ವರ್ಷಗಳಲ್ಲಿ ಕೊಡಲಾರದು.

ಆದರೆ ಅವಳ ಕಾಲ ಕೆಳಗಿನ ನೆಲವೇ ಸರಿದಿದೆ. ಬಾಲಮಂದಿರಗಳ ವಿಷಯವನ್ನೇ ತೆಗೆದುಕೊಳ್ಳಿರಿ. ಬಾಲನ್ಯಾಯದ ಕಾನೂನು ೧೯೮೬ರಲ್ಲಿ ಒಂದು, ೨೦೦೦ದಲ್ಲಿ ಇನ್ನೊಂದು, ೨೦೧೫ರಲ್ಲಿ ಮತ್ತೊಂದು, ಹೀಗೆ ಮೂರು ಸಾರಿ ಹೊಸದಾಗಿ ಬಂದಿತು. ಈಗಿನ ಕಾನೂನಿನ ಮೂಲತತ್ವಗಳಲ್ಲಿ ಒಂದೇನೆಂದರೆ, ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ಉಪಾಯವಾಗಿರಬೇಕು. ಅದಕ್ಕೆ ಮೊದಲು ತನ್ನ ಮನೆ, ಬಂಧುಗಳ ಮನೆ, ಸಾಕುಮನೆ ಇವೆಲ್ಲವನ್ನೂ ಶೋಧಿಸಿ ನೋಡತಕ್ಕದ್ದು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಉಳ್ಳ ಮಕ್ಕಳ ಕಲ್ಯಾಣ ಸಮಿತಿಯು ಮಗುವಿನ ಮನೆಯ ಸ್ಥಿತಿಗತಿಗಳನ್ನು ಹದಿನೈದು ದಿನಗಳೊಳಗೆ ವಿಚಾರಿಸಿ ವರದಿ ತರಿಸಿಕೊಳ್ಳಬೇಕು. ಪ್ರತಿಯೊಂದು ಮಗುವಿಗೂ ಬೇರೆಬೇರೆಯಾದ ಪಾಲನೆಯ ಯೋಜನೆಯನ್ನು ಬರೆದಿಡಬೇಕು. ಹದಿನೆಂಟು ತುಂಬಿ ಹೊರಗೆ ಹೋದವರನ್ನು ಇಪ್ಪತ್ತೊಂದರ ವರೆಗೆ ನೋಡಿಕೊಳ್ಳುವ ಅನುಪಾಲನೆಯ ಏರ್ಪಾಡೂ ಉಂಟು. ವಾತ್ಸಲ್ಯವೆಂಬ ಹೆಸರಿನ ಕೇಂದ್ರ ಯೋಜನೆಯ ೨೦೨೨ರ ನಿಬಂಧನೆಗಳ ಪ್ರಕಾರ, ಬಡತನದಿಂದಾಗಿ ಮನೆ ಬಿಡುವ ಪ್ರಸಂಗವುಳ್ಳ ಮಗುವಿಗೆ ಮನೆಯಲ್ಲಿಯೇ ಉಳಿಯುವಂತೆ ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ ಪ್ರಾಯೋಜಕತ್ವದ ಸಹಾಯವು ದೊರೆಯಬಹುದು.

ಇವು ಒಳ್ಳೆಯ ಮಾರ್ಪಾಡುಗಳೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಇಪ್ಪತ್ತು ವರ್ಷ ಒಂದು ಮನೆಯನ್ನು ಚೆನ್ನಾಗಿ ನಡೆಸುವುದೇ ತನ್ನ ಧರ್ಮವೆಂದು ತಿಳಿದಿದ್ದವಳಿಗೆ ಈಗ ಏನು ಹೇಳಿದಂತಾಯಿತು? ಮಕ್ಕಳನ್ನು ಒಳಗೆ ಚೆನ್ನಾಗಿ ಇಟ್ಟುಕೊಳ್ಳುವುದಕ್ಕಿಂತ ಬೇಗನೆ ಹೊರಗೆ ಕಳುಹಿಸಿ, ಅಲ್ಲಿ ಅವರು ನೆಲೆಯೂರುವಂತೆ ಮಾಡುವುದೇ ಮೇಲು ಎಂದು ಹೇಳಿದಂತಾಯಿತು. ಇದು ಬೇರೆಯೇ ಒಂದು ವಿದ್ಯೆ. ಕುಡುಕನಾದ ತಂದೆಯ ಸಂಗಡ ಮಾತನಾಡುವುದು, ಚಿಕ್ಕಮ್ಮನು ಹುಡುಗಿಯನ್ನು ಪ್ರೀತಿಯಿಂದ ಕರೆಯುತ್ತಾಳೋ ಮನೆಗೆಲಸಕ್ಕಾಗಿ ಕರೆಯುತ್ತಾಳೋ ಎಂಬುದನ್ನು ಅರ್ಧ ಗಂಟೆಯ ಭೇಟಿಯಲ್ಲಿ ತೂಗಿ ನೋಡುವುದು, ಅದನ್ನು ಸಮಿತಿಯ ಮುಂದೆ ನಿಲ್ಲುವಂಥ ಭಾಷೆಯಲ್ಲಿ ಬರೆಯುವುದು ಅಕ್ಕಿ ಅಳೆಯುವ ಕೈಗೆ ತಾನಾಗಿ ಬರುವುದಿಲ್ಲ. ಇದನ್ನು ಕಲಿಸದೆ, ವರದಿಯನ್ನು ಮಾತ್ರ ಕೇಳುವುದು ನ್ಯಾಯವೇ?

ನಮ್ಮ ಹಳೆ ವಿದ್ಯಾರ್ಥಿನಿಯೊಬ್ಬರು, ಹೆಣ್ಣುಮಕ್ಕಳ ವಸತಿಗೃಹವೊಂದರಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರು, ಕೆಲವು ಕಾಲದ ಹಿಂದೆ ಒಂದು ಸಾಯಂಕಾಲ ನಮ್ಮ ಬಳಿಗೆ ಬಂದು ತಮ್ಮ ಮನಸ್ಸಿನ ಭಾರವನ್ನು ತೋಡಿಕೊಂಡರು. ಹದಿನಾರು ವಯಸ್ಸಿನ ಹುಡುಗಿಯೊಬ್ಬಳು ರಾತ್ರಿ ದೀಪ ಆರಿದ ಮೇಲೆ ಅವರ ಕೋಣೆಗೆ ಬಂದು, “ಅಮ್ಮಾ, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟರೆ ಒಂದು ಸಂಗತಿ ಹೇಳುತ್ತೇನೆ” ಎಂದಳಂತೆ. ಇವರು ಹಿಂದಿನಿಂದ ಮಾಡುತ್ತಾ ಬಂದಂತೆ ತಟ್ಟನೆ ಮಾತು ಕೊಟ್ಟುಬಿಟ್ಟರು. ಹುಡುಗಿ ಹೇಳಿದ್ದನ್ನು ಇಲ್ಲಿ ಬರೆಯುವ ಅವಶ್ಯವಿಲ್ಲ, ತಾಯಂದಿರು ಊಹಿಸಬಲ್ಲರು. ೨೦೧೨ರ ಪೋಕ್ಸೋ ಕಾನೂನಿನ ಪ್ರಕಾರ ಹದಿನೆಂಟು ತುಂಬದವಳ ಒಪ್ಪಿಗೆಗೆ ಬೆಲೆಯಿಲ್ಲ. ಅಂಥ ಅಪರಾಧವು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳ ವರೆಗೆ ಶಿಕ್ಷೆಯಾಗಬಹುದು. ಇದು ಅವರಿಗೆ ಅರೆಬರೆಯಾಗಿ ಗೊತ್ತಿತ್ತು. ಮಾತು ಕೊಟ್ಟದ್ದು ಒಂದು ಕಡೆ, ಕಾನೂನು ಇನ್ನೊಂದು ಕಡೆ. ಹನ್ನೊಂದು ದಿನ ಅವರು ಯಾರಿಗೂ ಹೇಳದೆ ನಿದ್ರೆಗೆಟ್ಟರು. ಹನ್ನೆರಡನೆಯ ದಿನ ಸುದ್ದಿಯು ಬೇರೆ ದಾರಿಯಿಂದ ಹೊರಬಿದ್ದಿತು. ಮನೆಯವರು ಬಂದು ಹುಡುಗಿಯನ್ನು ಕರೆದುಕೊಂಡು ಹೋದರು. ಅವಳು ಆ ವರ್ಷದ ಪರೀಕ್ಷೆಗೆ ಕುಳಿತುಕೊಳ್ಳಲಿಲ್ಲ; ಅಮ್ಮ ಮಾತು ಮುರಿದರೆಂದೇ ಅವಳ ನಂಬಿಕೆ.

ಈ ಸಹೋದರಿಯಲ್ಲಿ ಪ್ರೀತಿಯ ಕೊರತೆ ಇರಲಿಲ್ಲ, ಅನುಭವದ ಕೊರತೆಯೂ ಇರಲಿಲ್ಲ. ಹುಡುಗಿ ಬಾಯಿ ತೆರೆಯುವ ಮೊದಲೇ, “ಮಗೂ, ನೀನು ಹೇಳುವುದನ್ನೆಲ್ಲ ಕೇಳುತ್ತೇನೆ, ಆದರೆ ನಿನಗೆ ಕೇಡಾಗುವಂಥದು ಏನಾದರೂ ಇದ್ದರೆ ನಾನೊಬ್ಬಳೇ ಇಟ್ಟುಕೊಳ್ಳಲಾರೆ, ಯಾರಿಗೆ ಹೇಳುತ್ತೇನೆಂಬುದನ್ನು ಮೊದಲು ನಿನಗೇ ಹೇಳುತ್ತೇನೆ” ಎನ್ನುವ ಎರಡು ವಾಕ್ಯಗಳು ಅವರಿಗೆ ಬೇಕಾಗಿದ್ದವು. ನೋಡಲಿಕ್ಕೆ ಸಣ್ಣ ಮಾತು. ಆದರೆ ಈ ಎರಡು ವಾಕ್ಯಗಳನ್ನು ಮೃದುವಾಗಿ, ಹುಡುಗಿ ಎದ್ದುಹೋಗದ ಹಾಗೆ ಹೇಳುವುದಕ್ಕೆ ಕಾನೂನನ್ನೂ ಬಲ್ಲವಳಾಗಿರಬೇಕು, ಹದಿನಾರರ ಮನಸ್ಸನ್ನೂ ಬಲ್ಲವಳಾಗಿರಬೇಕು. ಅಭ್ಯಾಸವನ್ನೂ ಮಾಡಿಕೊಂಡಿರಬೇಕು. ೨೦೨೦ರ ಪೋಕ್ಸೋ ನಿಯಮಗಳಲ್ಲಿ ಇಂಥ ಮಕ್ಕಳ ಜೊತೆಗೆ ಠಾಣೆಯಿಂದ ನ್ಯಾಯಾಲಯದ ತನಕ ನಿಲ್ಲುವ ಬೆಂಬಲ ವ್ಯಕ್ತಿಯೊಬ್ಬರನ್ನು ಒದಗಿಸಬಹುದೆಂದು ಹೇಳಿದೆ. ಅಂಥವರಿದ್ದಾರೆಂಬುದೂ ನಮ್ಮ ಈ ಸಹೋದರಿಗೆ ತಿಳಿದಿರಲಿಲ್ಲ. ಯಾರೂ ಹೇಳಿರಲಿಲ್ಲ. ಪರಸ್ಪರ ಪ್ರೀತಿಸುವ ಹದಿಹರೆಯದವರನ್ನೂ ಈ ಕಾನೂನು ಒಂದೇ ಕೋಲಿನಿಂದ ಅಳೆಯುವುದು ಸರಿಯೇ ಎಂದು ನ್ಯಾಯಾಧೀಶರಲ್ಲಿಯೇ ಚರ್ಚೆ ನಡೆದಿದೆ; ಅಂಥ ಚರ್ಚೆಯನ್ನು ಓದಿ ಅರ್ಥಮಾಡಿಕೊಳ್ಳುವ ಅಧಿಕಾರವು ದಿನನಿತ್ಯ ಅದರ ಮಧ್ಯದಲ್ಲಿ ಬದುಕುವವಳಿಗೆ ಇಲ್ಲವೇ?

ಬಾಲ್ಯವಿವಾಹದ ವಿಷಯದಲ್ಲಿಯೂ ಹೀಗೆಯೇ. ೨೦೦೬ರ ಕಾನೂನಿಗೆ ನಮ್ಮ ಕರ್ನಾಟಕವು ೨೦೧೬ರಲ್ಲಿ ತಿದ್ದುಪಡಿ ಮಾಡಿ, ಅಂಥ ಮದುವೆಯು ಮೊದಲಿನಿಂದಲೇ ಅಸಿಂಧು ಎಂದಿತು. ಆದರೆ ಹಳ್ಳಿಯಲ್ಲಿ ಚಪ್ಪರ ಹಾಕಿದ ಮನೆಗೆ ಹೋಗಿ ನಿಲ್ಲುವ ಕಾರ್ಯಕರ್ತೆಗೆ ಅಸಿಂಧು ಎಂಬ ಶಬ್ದ ಮಾತ್ರ ಸಾಲದು.

ಇನ್ನು ೧೦೯೮ ಎಂಬ ದೂರವಾಣಿಯ ಕಥೆ. ಸಂಕಟದಲ್ಲಿರುವ ಮಕ್ಕಳಿಗಾಗಿ ಈ ಸಹಾಯವಾಣಿಯು ೧೯೯೬ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಒಂದು ಪ್ರಯೋಗವಾಗಿ ಹುಟ್ಟಿ, ಊರೂರಿನ ಸೇವಾಸಂಸ್ಥೆಗಳ ಕೈಯಿಂದ ದೇಶದಲ್ಲೆಲ್ಲ ಹರಡಿತು. ಆ ಸಂಸ್ಥೆಗಳ ಕಾರ್ಯಕರ್ತೆಯರು ರಾತ್ರಿ ಹನ್ನೆರಡಕ್ಕೆ ಬಸ್ ನಿಲ್ದಾಣಕ್ಕೆ ಓಡಿದರು, ರೈಲಿನಿಂದ ಇಳಿದ ಹುಡುಗಿಯ ಕೈಹಿಡಿದು ಕರೆತಂದರು. ೨೦೨೩ರಲ್ಲಿ ಈ ಸೇವೆಯನ್ನು ಸರಕಾರವು ತನ್ನ ಕೈಗೆ ತೆಗೆದುಕೊಂಡು, ೧೧೨ ಎಂಬ ತುರ್ತುಕರೆಯ ಏರ್ಪಾಡಿಗೆ ಜೋಡಿಸಲು ತೊಡಗಿತು. ಹೀಗೆ ಮಾಡಿದ್ದು ಸರಿಯೋ ತಪ್ಪೋ ಎಂಬ ತೀರ್ಪನ್ನು ನಾವು ಕೊಡಹೋಗುವುದಿಲ್ಲ. ಒಂದೇ ಆಡಳಿತದ ಕೆಳಗೆ ಬಂದರೆ ಅನುಕೂಲವೂ ಉಂಟು. ಆದರೆ ಹತ್ತು ಹದಿನೈದು ವರ್ಷ ಆ ಕರೆಗಳಿಗೆ ಉತ್ತರ ಕೊಟ್ಟ ಎಷ್ಟೋ ಮಂದಿ ಕಾರ್ಯಕರ್ತೆಯರು ಏಕಾಏಕಿ ಕೆಲಸ ಕಳೆದುಕೊಂಡರು. ಹೊಸ ಹುದ್ದೆಗೆ ಅರ್ಜಿ ಹಾಕಹೋದರೆ ಪದವಿಯ ಪ್ರಶ್ನೆ ಬಂದಿತು. ಅವರು ಕಲಿತದ್ದೆಲ್ಲ ಅವರ ಜೊತೆಗೇ ಮನೆಗೆ ಹೋಯಿತು. ಬಾವಿ ತೋಡಿದವರನ್ನು ಕಳುಹಿಸಿ ನೀರು ಸೇದಲಿಕ್ಕೆ ಬೇರೆಯವರನ್ನು ಕರೆದಂತಾಯಿತು. ಆ ಹತ್ತು ವರ್ಷಗಳ ಮಧ್ಯದಲ್ಲಿ ಅವರಿಗೆ ಒಂದು ವರ್ಷ ವ್ಯಾಸಂಗದ ಅವಕಾಶವನ್ನು ಕೊಟ್ಟಿದ್ದರೆ, ಸೇವೆಯು ಕೈಬದಲಾದಾಗ ಅವರೂ ಅದರ ಜೊತೆಗೆ ದಾಟಿಹೋಗುತ್ತಿದ್ದರಲ್ಲವೇ?

ಹುಡುಗಿಯರೂ ಹಿಂದಿನ ಹುಡುಗಿಯರಲ್ಲ. ಮೊದಲು ಕೋಣೆಗೆ ಬೀಗ ಹಾಕಿದರೆ ಹೊರಗಿನ ಲೋಕವು ಹೊರಗೇ ನಿಲ್ಲುತ್ತಿತ್ತು; ಈಗ ಮೊಬೈಲ್ ಫೋನು ಕಂಬಳಿಯ ಒಳಗೇ ಲೋಕವನ್ನು ತರುತ್ತದೆ. ಮನಸ್ಸಿನ ಬೇನೆಯು ಹಿಂದೆ ಇರಲಿಲ್ಲವೆಂದು ಹೇಳಲಾರೆವು. ನಾವು ಅದಕ್ಕೆ ಸೋಮಾರಿತನವೆಂದೋ ಹಟವೆಂದೋ ಹೆಸರಿಟ್ಟಿದ್ದೆವು, ಇದು ನಮ್ಮದೇ ತಪ್ಪು. ಸರಕಾರದ ಅಪರಾಧ ದಾಖಲೆಗಳ ವಿಭಾಗವು ಪ್ರಕಟಿಸಿದ ಲೆಕ್ಕದಂತೆ ೨೦೨೨ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ೧೩,೦೪೪ ಮಂದಿ ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಈ ಸಂಖ್ಯೆಯನ್ನು ಓದಿದ ಪಾಲಕರು ಒಂದು ಕ್ಷಣ ನಿಂತು ಯೋಚಿಸಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಟೆಲಿ-ಮಾನಸ್ ಎಂಬ ೧೪೪೧೬ನೆಯ ಸಂಖ್ಯೆಯ ಸಹಾಯವಾಣಿಯು ಆರಂಭವಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಆದರೆ ಆ ಸಂಖ್ಯೆಗೆ ಕರೆ ಮಾಡುವ ಮೊದಲು ಹುಡುಗಿಯ ಮುಖವನ್ನು ನೋಡುವವಳು ಮೇಟ್ರನ್ನಳೇ. ಉಣ್ಣದಿರುವುದು ಉಪವಾಸದ ಹಟವೋ, ಅದಕ್ಕಿಂತ ಆಳವಾದುದೋ ಎಂಬುದನ್ನು ಮೊದಲು ಗುರುತಿಸತಕ್ಕವಳು ಅವಳೇ.

ಹಾಗಾದರೆ ಇವರಿಗೆ ಈಗ ದೊರೆಯುವ ಶಿಕ್ಷಣವೇನು? ಹೆಚ್ಚಾಗಿ ಎರಡು ದಿನದ ತರಬೇತಿ. ಹತ್ತು ಗಂಟೆಗೆ ಉದ್ಘಾಟನೆ, ಹನ್ನೊಂದಕ್ಕೆ ಚಹಾ, ಆ ಮೇಲೆ ಗೋಡೆಯ ಮೇಲೆ ಇಂಗ್ಲಿಷಿನ ಅಕ್ಷರಗಳು ಮೂಡಿ ಮಾಯವಾಗುವವು; ಮರುದಿನ ಮೂರು ಗಂಟೆಗೆ ಎಲ್ಲರ ಕೈಯಲ್ಲಿ ಪ್ರಮಾಣಪತ್ರ, ಒಂದು ಗುಂಪುಚಿತ್ರ. ಬಸ್ಸು ತಪ್ಪೀತೆಂದು ಪ್ರಶ್ನೆ ಕೇಳದೆ ಎದ್ದುಬರುವವರೇ ಬಹಳ. ಎಲ್ಲ ತರಬೇತಿಗಳೂ ಹೀಗೆಂದು ಹೇಳುವುದು ಅನ್ಯಾಯವಾಗುವುದು. ನಿಮ್ಹಾನ್ಸಿನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ೨೦೨೦ರಲ್ಲಿ ಕೇಂದ್ರ ಸರಕಾರದ ನೆರವಿನಿಂದ ಆರಂಭವಾದ ಸಂವಾದ್ ಎಂಬ ಕಾರ್ಯಕ್ರಮವು ಮಕ್ಕಳ ರಕ್ಷಣೆಯ ಕೆಲಸದವರಿಗೆ ಒಳ್ಳೆಯ ತರಬೇತಿಯನ್ನು ಕೊಡುತ್ತಾ ಬಂದಿದೆ. ನಿಜವಾದ ಪ್ರಸಂಗಗಳನ್ನು ಮುಂದಿಟ್ಟುಕೊಂಡು ಕಲಿಸುವ ಕ್ರಮವನ್ನು ಅಲ್ಲಿ ಕಾಣಬಹುದು. ಆದರೆ ತರಬೇತಿ ಬೇರೆ, ವ್ಯಾಸಂಗ ಬೇರೆ. ತರಬೇತಿಯು ಹೊಸ ನಿಯಮವನ್ನು ತಿಳಿಸುತ್ತದೆ. ಆ ನಿಯಮವು ಏಕೆ ಬಂದಿತು, ಎಲ್ಲಿ ತಡವರಿಸುತ್ತದೆ, ನಾಳೆ ಅದು ಬದಲಾದರೆ ನಾವು ಯಾವುದನ್ನು ಹಿಡಿದು ನಿಲ್ಲಬೇಕು ಎಂಬುದನ್ನು ವ್ಯಾಸಂಗವು ಕಲಿಸುತ್ತದೆ. ನಿಯಮಗಳು ಐದು ವರ್ಷಕ್ಕೊಮ್ಮೆ ಬದಲಾಗುವ ಕಾಲದಲ್ಲಿ ಎರಡನೆಯದರ ಅಗತ್ಯವೇ ಹೆಚ್ಚು.

ಈ ವಿಚಾರವು ಹೊಸದೇನೂ ಅಲ್ಲ. ಯುವಜನರ ಕೆಲಸವೂ ಒಂದು ವಿದ್ಯೆ, ಅದನ್ನು ಕಲಿಸಬೇಕು ಎಂಬ ಮಾತು ಇಂಗ್ಲೆಂಡಿನಲ್ಲಿ ಬಲವಾಗಿ ಕೇಳಿಬಂದದ್ದು ೧೯೬೦ರಲ್ಲಿ. ಆಲ್ಬೆಮಾರ್ಲ್ ಕೌಂಟೆಸ್ ಎಂಬ ಮಹಿಳೆಯ ಅಧ್ಯಕ್ಷತೆಯಲ್ಲಿ ಸೇರಿದ್ದ ಸಮಿತಿಯು, ಅಲ್ಲಿ ಪೂರ್ಣಕಾಲದ ಯುವಜನ ನಾಯಕರು ಸುಮಾರು ೭೦೦ ಮಂದಿ ಮಾತ್ರ ಇದ್ದಾರೆಂದೂ, ೧೯೬೬ರ ಹೊತ್ತಿಗೆ ಅವರ ಸಂಖ್ಯೆ ೧೩೦೦ ಆಗಬೇಕೆಂದೂ ವರದಿ ಮಾಡಿತು. ಮರುವರ್ಷವೇ ಲೆಸ್ಟರ್ ಪಟ್ಟಣದಲ್ಲಿ ರಾಷ್ಟ್ರೀಯ ಕಾಲೇಜೊಂದನ್ನು ತೆರೆದು ಒಂದು ವರ್ಷದ ಶಿಕ್ಷಣವನ್ನು ಕೊಡತೊಡಗಿದರು. ತಾತ್ಕಾಲಿಕವೆಂದು ತೆರೆದ ಆ ಕಾಲೇಜು ೧೯೭೦ರಲ್ಲಿ ಮುಚ್ಚಿತು. ಅದರ ಬಳಿಕ ಕಾಮನ್‌ವೆಲ್ತ್ ರಾಷ್ಟ್ರಗಳು ೧೯೭೩ರಲ್ಲಿ ಒಂದು ಯುವಜನ ಕಾರ್ಯಕ್ರಮವನ್ನು ಸ್ಥಾಪಿಸಿದವು. ಅದರ ಏಷ್ಯಾ ಕೇಂದ್ರವು ನಮ್ಮ ದೇಶದ ಚಂಡೀಗಢದಲ್ಲಿಯೇ ಇತ್ತು. ಕೆಲಸದಲ್ಲಿದ್ದವರಿಗಾಗಿಯೇ ಏರ್ಪಡಿಸಿದ ಯುವಜನ ವಿಕಾಸದ ಡಿಪ್ಲೊಮಾ ಆ ಕಾರ್ಯಕ್ರಮದ ದೊಡ್ಡ ಕೊಡುಗೆ. ಆದರೆ ಆ ಕೇಂದ್ರವೂ ೨೦೧೪ರಲ್ಲಿ ಮುಚ್ಚಿತು. ಅನುಭವಸ್ಥರ ವ್ಯಾಸಂಗಕ್ಕೆಂದು ತೆರೆದ ಬಾಗಿಲುಗಳು ಬೇಗನೆ ಮುಚ್ಚಿಹೋಗುವುದನ್ನು ನೋಡಿದರೆ, ಇದನ್ನು ಯಾರೂ ತಮ್ಮ ಸ್ವಂತ ಕೆಲಸವೆಂದು ತಿಳಿದಿಲ್ಲವೆಂದೇ ಹೇಳಬೇಕಾಗಿದೆ.

ಇಂಗ್ಲೆಂಡಿನ ಕಥೆಯಲ್ಲಿ ಎಚ್ಚರಿಕೆಯ ಇನ್ನೊಂದು ಸಂಗತಿಯೂ ಇದೆ. ೨೦೧೦ರಿಂದ ಅಲ್ಲಿ ವೃತ್ತಿನಿರತ ಯುವಜನ ಕಾರ್ಯಕರ್ತರೆನಿಸಿಕೊಳ್ಳಲು ಆನರ್ಸ್ ಪದವಿಯು ಬೇಕೆಂದು ನಿಯಮವಾಯಿತು. ಅದೇ ಕಾಲದಿಂದ ಸ್ಥಳೀಯ ಸಂಸ್ಥೆಗಳು ಯುವಜನ ಸೇವೆಗಳಿಗೆ ವೆಚ್ಚ ಮಾಡುವ ಹಣವು ಮೂರರಲ್ಲಿ ಎರಡು ಪಾಲಿಗಿಂತಲೂ ಹೆಚ್ಚು ಇಳಿದುಹೋಯಿತು. ಒಂದು ಕೈಯಿಂದ ಪದವಿಯ ಮೆಟ್ಟಿಲನ್ನು ಎತ್ತರಿಸಿ, ಇನ್ನೊಂದು ಕೈಯಿಂದ ಮನೆಯನ್ನೇ ಕೆಡವಿದ ಹಾಗಾಯಿತು. ಆದುದರಿಂದ ಪದವಿಯ ನಿಯಮವೊಂದೇ ಸೇವೆಯನ್ನು ಉಳಿಸುವುದೆಂದು ನಾವು ನಂಬಲಾರೆವು.

ನಮ್ಮ ದೇಶದಲ್ಲಿ ಸಮಾಜಸೇವೆಯ ಶಿಕ್ಷಣವು ೧೯೩೬ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಇಂದಿನ ಟಾಟಾ ಸಂಸ್ಥೆಯು ಅದೇ. ನಾಗಪಾಡಾದ ಬಡವರ ಕೇರಿಯಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಮಿಶನರಿ ಕ್ಲಿಫರ್ಡ್ ಮ್ಯಾನ್ಶಾರ್ಟ್ ಅದರ ಮೊದಲನೆಯ ನಿರ್ದೇಶಕರು. ಕೆಲಸದಿಂದ ಶಾಲೆ ಹುಟ್ಟಿತೇ ಹೊರತು ಶಾಲೆಯಿಂದ ಕೆಲಸ ಹುಟ್ಟಲಿಲ್ಲವೆಂಬುದನ್ನು ಗಮನಿಸಬೇಕು. ನಮ್ಮ ಮಂಗಳೂರಿನಲ್ಲಿ ರೋಶನಿ ನಿಲಯವು ೧೯೬೦ರಿಂದ ಈ ವಿದ್ಯೆಯನ್ನು ಕಲಿಸುತ್ತಿದೆ. ಶ್ರೀಪೆರುಂಬುದೂರಿನ ಯುವಜನ ವಿಕಾಸದ ರಾಷ್ಟ್ರೀಯ ಸಂಸ್ಥೆಗೆ ೨೦೧೨ರ ಕಾನೂನಿನಿಂದ ರಾಷ್ಟ್ರೀಯ ಮಹತ್ವದ ಸ್ಥಾನವೂ ದೊರೆತಿದೆ. ವಿದ್ಯಾಲಯಗಳು ಇಲ್ಲವೆಂದಲ್ಲ, ಅವುಗಳ ಹೆಬ್ಬಾಗಿಲು ಇಪ್ಪತ್ತೊಂದು ವಯಸ್ಸಿನವರ ಅಳತೆಗೆ ಮಾಡಿದ್ದು. ನಲವತ್ತೈದರ ಹೆಂಗಸು, ಗಂಡ ಮಕ್ಕಳನ್ನೂ ಕೆಲಸವನ್ನೂ ಬಿಟ್ಟು ಎರಡು ವರ್ಷ ದೂರದೂರಿಗೆ ಹೇಗೆ ಹೋದಾಳು? ೨೦೨೩ರಲ್ಲಿ ಸರಕಾರವು ಹೊರಡಿಸಿದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಗಳ ಅನುಭವಕ್ಕೂ ಓದಿನ ಲೆಕ್ಕದಲ್ಲಿ ಸ್ಥಾನ ಕೊಡಬಹುದೆಂದಿದೆ. ಕಾಗದದ ಮೇಲಿನ ಈ ಸಣ್ಣ ಕಿಟಕಿಯನ್ನು ಕಾಲೇಜುಗಳವರು ಮನಸ್ಸು ಮಾಡಿ ಬಾಗಿಲಾಗಿ ಅಗಲಿಸಬೇಕು.

ಅಂಥ ವ್ಯಾಸಂಗವು ಹೇಗಿರಬೇಕು? ವ್ಯಾಖ್ಯಾನಗಳಿಂದ ಆರಂಭಿಸಬಾರದೆಂಬುದು ನಮ್ಮ ಮೊದಲ ಮಾತು. ಇಪ್ಪತ್ತು ವರ್ಷ ಹುಡುಗಿಯರ ನಡುವೆ ಇದ್ದವಳಿಗೆ ‘ಹದಿಹರೆಯ ಎಂದರೇನು’ ಎಂಬ ಪಾಠವನ್ನು ಓದಿ ಹೇಳುವುದು ಅವಮಾನ. ಅವಳು ಸೋತ ಪ್ರಸಂಗವೊಂದನ್ನು ಬರೆದು ತರಲಿ. ಹನ್ನೊಂದು ದಿನ ನಿದ್ರೆಗೆಟ್ಟ ನಮ್ಮ ಸಹೋದರಿಯು ಆ ರಾತ್ರಿಯ ಸಂಭಾಷಣೆಯನ್ನು ನೆನಪಿದ್ದಷ್ಟು ಬರೆದು ಹತ್ತು ಮಂದಿ ಸಹಪಾಠಿನಿಯರ ಮುಂದೆ ಓದಿದರೆಂದು ಭಾವಿಸಿರಿ. ವಕೀಲರೊಬ್ಬರು ಅದೇ ಸಂಗತಿಯನ್ನು ಕಾನೂನಿನ ಕಣ್ಣಿನಿಂದ ನೋಡಿ ಹೇಳಲಿ, ಮನೋವೈದ್ಯರೊಬ್ಬರು ಹುಡುಗಿಯ ಕಡೆಯಿಂದ ನೋಡಿ ಹೇಳಲಿ, ಇದೇ ಕುಣಿಕೆಯಲ್ಲಿ ಸಿಕ್ಕಿ ಹೊರಬಂದ ಇನ್ನೊಬ್ಬ ಮೇಟ್ರನ್ನಳು ತಾನು ಆಡಿದ ಮಾತನ್ನು ಹೇಳಲಿ. ಆ ಮೇಲೆ ಪುಸ್ತಕವನ್ನು ತೆರೆಯಲಿ. ಅಮೆರಿಕದ ಡೊನಾಲ್ಡ್ ಶೋನ್ ಎಂಬ ವಿದ್ವಾಂಸರು ೧೯೮೩ರಲ್ಲಿ ಬರೆದ ಗ್ರಂಥವೊಂದರಲ್ಲಿ, ನುರಿತ ಕೆಲಸಗಾರರು ಕೆಲಸದ ನಡುನಡುವೆಯೇ ಯೋಚಿಸುತ್ತಾರೆಂದೂ, ಆ ಯೋಚನೆಯನ್ನು ಬೆಳಕಿಗೆ ತಂದರೆ ಅದು ಜ್ಞಾನವಾಗುವುದೆಂದೂ ವಿವರಿಸಿದ್ದಾರೆ. ನಮ್ಮ ಅಜ್ಜಿಯಂದಿರಿಗೆ ಇದು ಗೊತ್ತಿದ್ದ ಸಂಗತಿಯೇ ಇರಬಹುದು; ಆದರೆ ಅಜ್ಜಿಯಂದಿರು ಬರೆದಿಡಲಿಲ್ಲ, ಅದರಿಂದ ಮುಂದಿನವರಿಗೆ ದೊರೆಯಲಿಲ್ಲ.

ವ್ಯಾಸಂಗವು ಕನ್ನಡದಲ್ಲಿಯೇ ನಡೆಯಬೇಕೆಂಬುದನ್ನು ನಾವು ಒತ್ತಿ ಹೇಳುತ್ತೇವೆ. ಹುಡುಗಿಯು ಅಳುವುದು ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ, ಲಂಬಾಣಿ ಮಾತಿನಲ್ಲಿ. ಅದರ ವಿಷಯವಾಗಿ ಕಾರ್ಯಕರ್ತೆಯು ಓದುವುದು ಮಾತ್ರ ಇಂಗ್ಲಿಷಿನಲ್ಲಿ ಆಗಬೇಕೆಂದರೆ, ನಡುವೆ ಒಂದು ಹೊಳೆಯೇ ಹರಿಯುತ್ತದೆ. ಒಳ್ಳೆಯ ಕಾರ್ಯಕರ್ತೆಯರೆಷ್ಟೋ ಮಂದಿ ಆ ಹೊಳೆಯ ಈಚೆಯ ದಡದಲ್ಲಿಯೇ ನಿಂತುಬಿಟ್ಟಿದ್ದಾರೆ. ಪಠ್ಯಗಳು ಕನ್ನಡದಲ್ಲಿ ಇಲ್ಲವೆನ್ನುವಿರೋ? ಇವರೇ ಬರೆಯಲಿ, ಹತ್ತು ವರ್ಷ ಇವರು ಬರೆದ ಪ್ರಸಂಗಗಳನ್ನು ಕೂಡಿಸಿದರೆ, ಹೆಸರುಗಳನ್ನು ತೆಗೆದು, ಅದಕ್ಕಿಂತ ಒಳ್ಳೆಯ ಪಠ್ಯವು ಬೇರೆ ಯಾವುದು?

ಆಕ್ಷೇಪಗಳು ಇಲ್ಲದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವವರಿಗೆ ನಮ್ಮ ಉತ್ತರವೇನೆಂದರೆ, ಮರವನ್ನು ಬಗ್ಗಿಸಬೇಕೆಂದು ನಾವು ಕೇಳುತ್ತಿಲ್ಲ, ಬುಡಕ್ಕೆ ನೀರೆರೆಯಿರೆಂದು ಕೇಳುತ್ತಿದ್ದೇವೆ. ಹಣದ ಮಾತನ್ನು ಮುಂದೆ ಹೇಳುತ್ತೇವೆ. ಎಲ್ಲಕ್ಕಿಂತ ತೂಕವುಳ್ಳ ಆಕ್ಷೇಪವು ಆಡಳಿತದವರದು. ವರ್ಷಗಟ್ಟಲೆ ಇವಳನ್ನು ಓದಲಿಕ್ಕೆ ಕಳುಹಿಸಿದರೆ ಇಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಓದಿ ಬಂದ ಮೇಲೆ ಹೆಚ್ಚಿನ ಸಂಬಳದ ಕೆಲಸಕ್ಕೆ ಹೊರಟುಹೋದರೆ ನಮಗೇನು ಉಳಿಯಿತು? ಇದು ನಿಜವಾದ ಕಷ್ಟ. ಇಬ್ಬರು ಮಾಡತಕ್ಕ ಕೆಲಸವನ್ನು ಒಬ್ಬಳೇ ಮಾಡುವ ಸಂಸ್ಥೆಗಳನ್ನು ನಾವು ಕಂಡಿದ್ದೇವೆ. ಆದರೆ ಹೊರಟುಹೋಗುವ ಭಯದಿಂದ ಓದದಂತೆ ಇಟ್ಟುಕೊಳ್ಳುವುದು ರೆಕ್ಕೆ ಕತ್ತರಿಸಿ ಕೋಳಿ ಸಾಕಿದ ಹಾಗೆ. ವರ್ಷವಿಡೀ ಬಿಡುವು ಕೊಡಲಾಗದಿದ್ದರೆ ವರ್ಷಕ್ಕೆ ಮೂರು ಸಾರಿ ಮೂರು ಮೂರು ವಾರ, ಬೇಸಗೆಯ ರಜೆಯಲ್ಲೊಂದು, ದಸರೆಯಲ್ಲೊಂದು, ಕ್ರಿಸ್ಮಸಿನಲ್ಲೊಂದು ಎಂದು ಎರಡು ವರ್ಷಗಳಲ್ಲಿ ಹಂಚಿ ಮುಗಿಸಬಹುದು. ಮಧ್ಯದ ತಿಂಗಳುಗಳಲ್ಲಿ ಅವಳು ತನ್ನ ಕೆಲಸದಲ್ಲಿಯೇ ಇದ್ದು, ಹಿರಿಯರೊಬ್ಬರ ಸಂಗಡ ಪಕ್ಷಕ್ಕೊಮ್ಮೆ ಕುಳಿತು ತನ್ನ ಪ್ರಸಂಗಗಳನ್ನು ವಿಚಾರಿಸಿಕೊಳ್ಳಬಹುದು. ವೈದ್ಯರಿಗೂ ದಾದಿಯರಿಗೂ ಇಂಥ ಮೇಲ್ವಿಚಾರಣೆ ಉಂಟು. ಹುಡುಗಿಯರ ಮನಸ್ಸನ್ನು ಕಾಯುವವಳು ಒಬ್ಬಂಟಿಯಾಗಿ ಇರುವಳು.

ಪಾಲಕರಲ್ಲಿ ನಮ್ಮ ಬಿನ್ನಹವಿದು. ಮಗಳನ್ನು ವಸತಿಗೃಹದಲ್ಲಿ ಬಿಡುವಾಗ ತಾವು ಊಟವನ್ನು ವಿಚಾರಿಸುತ್ತೀರಿ, ಸ್ನಾನದ ನೀರನ್ನು ವಿಚಾರಿಸುತ್ತೀರಿ, ಕಳೆದ ವರ್ಷದ ಫಲಿತಾಂಶವನ್ನು ವಿಚಾರಿಸುತ್ತೀರಿ. ಇಲ್ಲಿಯ ಮೇಟ್ರನ್ನಳು ಕಳೆದ ಐದು ವರ್ಷಗಳಲ್ಲಿ ಏನನ್ನು ಕಲಿತಳು, ಅವಳಿಗೆ ಕಲಿಯಲು ಬಿಡುವು ಕೊಟ್ಟಿದ್ದೀರಾ ಎಂದೂ ಒಂದು ಮಾತು ಕೇಳಿರಿ. ಹತ್ತು ಮಂದಿ ಪಾಲಕರು ಕೇಳಿದರೆ ಆಡಳಿತ ಸಭೆಯವರು ಕಿವಿಗೊಡುತ್ತಾರೆ. ಕಾರ್ಯಕರ್ತೆಯರ ಮನೆಯ ಗಂಡಸರಿಗೂ ಒಂದು ಮಾತು: ಮೂರು ವಾರ ಸಾರು ಸ್ವಲ್ಪ ಉಪ್ಪಾದರೆ ಪ್ರಾಣಕ್ಕೆ ಅಪಾಯವಿಲ್ಲ.

ಹಳೆ ವಿದ್ಯಾರ್ಥಿನಿಯರ ಮುಂದೆ ಸ್ಪಷ್ಟವಾದ ಸೂಚನೆಯೊಂದನ್ನು ಇಡುತ್ತೇವೆ. ನಮ್ಮ ಸಂಘವು ಪ್ರತಿವರ್ಷ ಬಡ ಬಾಲಿಕೆಯರಿಗೆ ವಿದ್ಯಾರ್ಥಿವೇತನ ಕೊಡುವುದು ಸ್ತುತ್ಯವಾದ ಕಾರ್ಯ, ಅದು ನಿಲ್ಲಬಾರದು. ಅದರ ಪಕ್ಕದಲ್ಲಿ ಎರಡು ವರ್ಷಕ್ಕೊಬ್ಬ ಅನುಭವಸ್ಥ ಕಾರ್ಯಕರ್ತೆಗೆ, ಕಡಿಮೆಯೆಂದರೆ ಹತ್ತು ವರ್ಷ ಸೇವೆ ಮಾಡಿದವಳಿಗೆ, ವ್ಯಾಸಂಗದ ವೇತನವೊಂದನ್ನು ಏರ್ಪಡಿಸೋಣ. ಅದರಲ್ಲಿ ಅವಳ ಶುಲ್ಕವಲ್ಲದೆ, ಅವಳು ಇಲ್ಲದ ವಾರಗಳಲ್ಲಿ ಅವಳ ಜಾಗದಲ್ಲಿ ನಿಲ್ಲುವವಳ ಸಂಬಳವೂ ಸೇರಿರಬೇಕು; ಎರಡನೆಯದನ್ನು ಮರೆತರೆ ಮೊದಲನೆಯದು ವ್ಯರ್ಥ. ಅವಳು ನಮ್ಮ ಶಾಲೆಯಲ್ಲಿ ಓದಿದವಳೇ ಆಗಿರಬೇಕೆಂಬ ಕಟ್ಟನ್ನೂ ಹಾಕುವುದು ಬೇಡ. ನಿವೃತ್ತರಾದ ನಮ್ಮ ಉಪಾಧ್ಯಾಯಿನಿಯರಲ್ಲಿಯೂ ಗೃಹಿಣಿಯರಲ್ಲಿಯೂ ಮೂರು ವಾರ ಒಂದು ವಸತಿಗೃಹವನ್ನು ನೋಡಿಕೊಳ್ಳಬಲ್ಲವರು ಇದ್ದಾರೆ. ಹಣ ಕೊಡಲಾರದವರು ಆ ಮೂರು ವಾರಗಳನ್ನೇ ಕೊಡಬಹುದು.

ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ಈ ಸೂಚನೆಯನ್ನು ನಾವು ಮಂಡಿಸುವವರಿದ್ದೇವೆ. ಹನ್ನೊಂದು ದಿನ ನಿದ್ರೆಗೆಟ್ಟ ಆ ಸಹೋದರಿಯೂ ಬರುವುದಾಗಿ ಒಪ್ಪಿಕೊಂಡಿದ್ದಾರೆ. ಅವರಿಗೆ ಈಗ ನಲವತ್ತೊಂಬತ್ತು. ಇನ್ನೂ ಒಂಬತ್ತು ವರ್ಷದ ಸೇವೆ ಉಳಿದಿದೆಯೆಂದೂ, ಅಷ್ಟರಲ್ಲಿ ಇನ್ನೆಷ್ಟು ಮಂದಿ ಹುಡುಗಿಯರು ದೀಪ ಆರಿದ ಮೇಲೆ ತಮ್ಮ ಬಾಗಿಲು ತಟ್ಟುವರೋ ಎಂದೂ ಅವರು ನಮ್ಮನ್ನು ಕೇಳಿದರು. ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಸಭೆಗೆ ಮುಂಚಿತವಾಗಿ ಬರೆದು ತಿಳಿಸಬೇಕೆಂದು ಕೋರುತ್ತೇವೆ.